ನೀರಿನೊಳಗೆ ಉಸಿರಿನ ಜಮಾ ಖರ್ಚು

ಏಪ್ರಿಲ್ ತಿಂಗಳ ಬೆಳಗಿನ ಜಾವ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮುನ್ನ, ಮೀನು ಸಾಕಿರುವ ಯಾವುದಾದರೂ ಊರಿನ ಕೆರೆಯ ಏರಿಯ ಮೇಲೆ ನಿಂತರೆ ಕೆಲವೊಮ್ಮೆ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ನೂರಾರು ಕಾಟ್ಲಾ ಮೀನುಗಳು ಮೇಲೆ ಬಂದು, ಮೂತಿಯನ್ನಷ್ಟೇ ನೀರಿನ ಅಂಚಿಗೆ ತಾಗಿಸಿಕೊಂಡು, ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಹತ್ತಿರ ಹೋದರೂ ಓಡುವುದಿಲ್ಲ. ಸಣ್ಣ ಕಲ್ಲು ಎಸೆದರೆ ಒಂದಿಷ್ಟು ಸರಿದು, ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಮೊದಲ ಸಲ ಇದನ್ನು ನೋಡಿದಾಗ ಹಸಿವಿಗೆ ಮೇವು ಕೇಳುತ್ತಿವೆ ಎಂದೇ ನಾನು ತಿಳಿದಿದ್ದೆ. ಕಾವಲಿಗಿದ್ದವನಿಗೆ ಮಾತ್ರ ಕೈಕಾಲು ಆಡದಂತಾಗಿತ್ತು. ಅವನಿಗೆ ಗೊತ್ತಿದ್ದದ್ದು ನನಗೆ ಆಮೇಲೆ ಗೊತ್ತಾಯಿತು: ಆ ಮೀನುಗಳು ಮೇವು ಕೇಳುತ್ತಿರಲಿಲ್ಲ, ಉಸಿರು ಕಟ್ಟಿ ಒದ್ದಾಡುತ್ತಿದ್ದವು.

ಅವು ಗಾಳಿಯನ್ನು ನುಂಗುತ್ತಿವೆ ಎಂದುಕೊಳ್ಳುವುದೂ ತಪ್ಪೇ. ಕಾಟ್ಲಾ ಮೀನಿಗೆ ಗಾಳಿಯಿಂದ ನೇರವಾಗಿ ಆಮ್ಲಜನಕ ಪಡೆಯುವ ಅಂಗವಿಲ್ಲ. ಗಾಳಿಗೆ ತಾಗಿಕೊಂಡಿರುವ ನೀರಿನ ತೆಳುಪದರದಲ್ಲಿ, ಒಂದೆರಡು ಮಿಲಿಮೀಟರಿನಷ್ಟು ದಪ್ಪದಲ್ಲಿ, ಗಾಳಿಯಿಂದ ಆಗಷ್ಟೇ ಕರಗಿದ ಆಮ್ಲಜನಕ ಇರುತ್ತದೆ. ಕೆಳಗಿನ ನೀರೆಲ್ಲ ಬರಿದಾದಾಗ ಮೀನು ಆ ತೆಳುಪದರವನ್ನು, ಹಾಲಿನ ಮೇಲಿನ ಕೆನೆಯನ್ನು ತೆಗೆದುಕೊಳ್ಳುವಂತೆ, ಬಾಯಿಂದ ಎಳೆದುಕೊಂಡು ಕಿವಿರುಗಳ ಮೂಲಕ ಹಾಯಿಸುತ್ತದೆ.

ಇದು ಬೆಳಗಿನ ಜಾವದಲ್ಲೇ ಏಕೆ ಆಗಬೇಕು? ಕೆರೆಯ ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿಗಳು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ. ದಟ್ಟ ಹಸಿರು ಕೆರೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಸಾಮಾನ್ಯವಾಗಿ ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚೇ ಆಮ್ಲಜನಕ ಇರಬಹುದು. ಕತ್ತಲಾದ ಮೇಲೆ ಅದೇ ಪಾಚಿ ಕೊಡುವುದನ್ನು ನಿಲ್ಲಿಸಿ ತೆಗೆದುಕೊಳ್ಳುವುದನ್ನಷ್ಟೇ ಮುಂದುವರಿಸುತ್ತದೆ. ಮೀನುಗಳೂ, ತಳದ ಕೆಸರಿನಲ್ಲಿ ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಅದಕ್ಕೆ ಜೊತೆಯಾಗುತ್ತವೆ. ಇಡೀ ರಾತ್ರಿ ಖರ್ಚೇ ಹೊರತು ಜಮೆ ಇಲ್ಲ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ಉಳಿಕೆ ತೀರ ಕೆಳಗಿಳಿದಿರುತ್ತದೆ. ಆದ್ದರಿಂದ, ಹಸಿರು ಹೆಚ್ಚಿರುವ ಕೆರೆ ಮೀನಿಗೆ ಒಳ್ಳೆಯದು ಎಂಬ ಮಾತು ಹಗಲಿಗಷ್ಟೇ ನಿಜ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ತೇಲಿಬಂದದ್ದು ಅನೇಕರಿಗೆ ನೆನಪಿರಬಹುದು. ಕೊಳಚೆ ಸೇರಿದ ನೀರು, ಬೇಸಿಗೆಯ ಕಾವು, ಕುಸಿದ ಆಮ್ಲಜನಕ ಇವುಗಳ ಮಾತು ಆಗ ಎಲ್ಲೆಡೆ ಕೇಳಿಬಂದಿತ್ತು.

ನೀರಿನಲ್ಲಿ ಬದುಕುವುದೆಂದರೆ ಎಂಥ ಬಡತನದಲ್ಲಿ ಬದುಕುವುದು ಎಂಬುದನ್ನು ಅಂಕಿಗಳಲ್ಲಿ ನೋಡಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಸಿಹಿನೀರು, ಗಾಳಿಯೊಡನೆ ಚೆನ್ನಾಗಿ ಕಲೆತಿದ್ದರೂ, ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡುತ್ತದೆ; ಅಂದರೆ ಐದು ಮಿಲಿಲೀಟರಿಗಿಂತ ತುಸು ಹೆಚ್ಚು. ಹೀಗಾಗಿ ಒಂದು ಲೀಟರ್ ಆಮ್ಲಜನಕ ಬೇಕಾದ ನೆಲದ ಪ್ರಾಣಿ ಐದು ಲೀಟರಿನಷ್ಟು, ತೂಕದಲ್ಲಿ ಆರು ಗ್ರಾಂನಷ್ಟು ಗಾಳಿಯನ್ನು ಮುಟ್ಟಿದರೆ ಸಾಕು. ಅಷ್ಟೇ ಆಮ್ಲಜನಕಕ್ಕಾಗಿ ಮೀನು ಮುಟ್ಟಬೇಕಾದ ನೀರು ಸುಮಾರು 190 ಲೀಟರ್, ಅಂದರೆ 190 ಕಿಲೋಗ್ರಾಂ. ಸಾಲದ್ದಕ್ಕೆ ಆಮ್ಲಜನಕದ ಅಣುಗಳು ನಿಂತ ನೀರಿನಲ್ಲಿ ಹರಡಿಕೊಳ್ಳುವ ವೇಗ ಗಾಳಿಯಲ್ಲಿರುವುದರ ಸಾವಿರಾರು ಪಾಲಿನಲ್ಲಿ ಒಂದು. ನೀರನ್ನು ಯಾರಾದರೂ ಕದಡದೆ ಹೋದರೆ ಮೂಗಿನ ಮುಂದಿನ ಆಮ್ಲಜನಕ ತೀರಿದ ಮೇಲೆ ಹೊಸದು ತಾನಾಗಿ ಬೇಗ ಬರುವುದಿಲ್ಲ.

ಬಿಸಿ ಇನ್ನೊಂದು ಪೆಟ್ಟು ಕೊಡುತ್ತದೆ. ಸೊನ್ನೆ ಡಿಗ್ರಿಯ ನೀರು ಲೀಟರಿಗೆ 14 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡಬಲ್ಲದು, 20 ಡಿಗ್ರಿಯದು ಸುಮಾರು 9, 30 ಡಿಗ್ರಿಯದು ಏಳೂವರೆ. ಆದರೆ ಮೀನಿನ ಮೈಬಿಸಿ ನೀರಿನದೇ ಆದ್ದರಿಂದ, ನೀರು ಹತ್ತು ಡಿಗ್ರಿ ಬಿಸಿಯೇರಿದರೆ ಅದರ ದೇಹದ ಬೇಡಿಕೆ ಎರಡರಿಂದ ಮೂರು ಪಟ್ಟಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಸರಬರಾಜು ಇಳಿಯುತ್ತದೆ. ಇದಕ್ಕೆ ತೀರ ವಿರುದ್ಧದ ತುದಿಯಲ್ಲಿ ಅಂಟಾರ್ಕ್ಟಿಕಾದ ಸುತ್ತಲಿನ ಕಡುಶೀತ ಕಡಲಿನ ಹಿಮಮೀನುಗಳಿವೆ: ಅವುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನೇ ಇಲ್ಲ, ರಕ್ತ ನೀರಿನಂತೆ ತಿಳಿಯಾಗಿದೆ. ಆಮ್ಲಜನಕ ಸಮೃದ್ಧವಾದ ನೀರು, ತಣ್ಣನೆಯ ಮೈ, ಕಡಿಮೆ ಬೇಡಿಕೆ ಇವು ಮೂರೂ ಕೂಡಿರುವುದರಿಂದ ರಕ್ತದ್ರವದಲ್ಲಿ ಕರಗಿದಷ್ಟೇ ಅವಕ್ಕೆ ಸಾಕಾಗುತ್ತದೆ.

ಈ ಬಡತನಕ್ಕೆ ಮೀನು ಕಂಡುಕೊಂಡ ಉತ್ತರ ಕಿವಿರು. ಮೀನು ಮಾರುಕಟ್ಟೆಯಲ್ಲಿ ತಾಜಾತನ ನೋಡಲು ನಾವು ಕಿವಿರಿನ ಮುಚ್ಚಳ ಎತ್ತುತ್ತೇವಲ್ಲ, ಆಗ ಕಾಣುವ ಕೆಂಪು ಬಾಚಣಿಗೆಯ ಒಂದೊಂದು ಹಲ್ಲಿನ ಮೇಲೂ, ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳು ಸಾಲಾಗಿ ನಿಂತಿರುತ್ತವೆ. ಆ ಹಾಳೆಗಳ ಒಳಗೆ ರಕ್ತ, ಹೊರಗೆ ನೀರು. ಕಿವಿರಿನ ಜಾಣತನವಿರುವುದು ಇವೆರಡೂ ಎದುರುಬದುರಾಗಿ ಹರಿಯುವುದರಲ್ಲಿ. ಎರಡೂ ಒಂದೇ ದಿಕ್ಕಿಗೆ ಹರಿದಿದ್ದರೆ, ನೀರಿನ ಆಮ್ಲಜನಕ ಇಳಿಯುತ್ತ ರಕ್ತದ್ದು ಏರುತ್ತ ನಡುವೆಲ್ಲೋ ಎರಡೂ ಸಮವಾಗಿ, ಅಲ್ಲಿಂದ ಮುಂದೆ ಕೊಡುಕೊಳ್ಳುವಿಕೆ ನಿಂತುಹೋಗುತ್ತಿತ್ತು. ಎದುರುಬದುರಾಗಿ ಹರಿಯುವಾಗ ಹಾಗಾಗುವುದಿಲ್ಲ. ಕಿವಿರನ್ನು ಬಿಟ್ಟು ಹೊರಡಲಿರುವ, ಆಗಲೇ ಸಾಕಷ್ಟು ತುಂಬಿಕೊಂಡಿರುವ ರಕ್ತಕ್ಕೆ ಎದುರಾಗುವುದು ಈಗಷ್ಟೇ ಒಳಬಂದ ಹೊಸ ನೀರು. ಬಹುಪಾಲು ಬರಿದಾಗಿ ಹೊರಬೀಳುವ ನೀರಿಗೆ ಎದುರಾಗುವುದು ಅದಕ್ಕಿಂತಲೂ ಬರಿದಾದ, ಮೈಯೆಲ್ಲ ಸುತ್ತಿ ಬಂದ ರಕ್ತ. ದಾರಿಯುದ್ದಕ್ಕೂ ನೀರಿನ ಕಡೆ ತುಸು ಹೆಚ್ಚು, ರಕ್ತದ ಕಡೆ ತುಸು ಕಡಿಮೆ ಎಂಬ ಅಂತರ ಉಳಿದುಕೊಳ್ಳುವುದರಿಂದ ಕೆಲವು ಮೀನುಗಳು ನೀರಿನಲ್ಲಿರುವ ಆಮ್ಲಜನಕದ ಶೇಕಡಾ 80ರವರೆಗೂ ಹಿಂಡಿಕೊಳ್ಳಬಲ್ಲವು. ನಾವು ಒಳಗೆಳೆದ ಗಾಳಿಯಿಂದ ತೆಗೆದುಕೊಳ್ಳುವುದು ಕಾಲು ಭಾಗದಷ್ಟು ಮಾತ್ರ. ಉಳಿದದ್ದನ್ನು ಹಾಗೆಯೇ ಬಿಡುತ್ತೇವೆ. ನಮಗೆ ಉಳಿತಾಯದ ಅಗತ್ಯವಿಲ್ಲ.

ಹಾಗಾದರೆ ಗಾಳಿಯಲ್ಲಿ ಇಷ್ಟೊಂದು ಆಮ್ಲಜನಕವಿರುವಾಗ, ದಡಕ್ಕೆ ಬಿದ್ದ ಮೀನು ಏಕೆ ಸಾಯುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆ ತೆಳು ಹಾಳೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದ್ದು ನೀರು. ನೀರು ಹೋದೊಡನೆ ಅವು ಒದ್ದೆಯಾದ ಪುಸ್ತಕದ ಪುಟಗಳಂತೆ ಒಂದಕ್ಕೊಂದು ಅಂಟಿಕೊಂಡು, ಆಮ್ಲಜನಕ ತೆಗೆದುಕೊಳ್ಳುವ ಜಾಗವೇ ಇಲ್ಲವಾಗುತ್ತದೆ. ರಾಶಿ ಆಮ್ಲಜನಕದ ನಡುವೆ ಮೀನು ಉಸಿರುಗಟ್ಟಿ ಸಾಯುತ್ತದೆ.

ಇಷ್ಟು ಸಮರ್ಥವಾದ ಕಿವಿರಿಗೂ ಖರ್ಚಿದೆ. ಭಾರವಾದ ನೀರನ್ನು ಬಾಯಿಂದ ಎಳೆದು ಕಿವಿರಿನ ಮೂಲಕ ನೂಕುವ ಕೆಲಸಕ್ಕೇ, ಸುಮ್ಮನೆ ನಿಂತ ಮೀನು ತಾನು ಗಳಿಸಿದ ಆಮ್ಲಜನಕದಲ್ಲಿ ಹತ್ತನೇ ಒಂದರಷ್ಟನ್ನು ತೆರಬೇಕಾಗಬಹುದು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಹೆಚ್ಚು ನೀರನ್ನು ನೂಕಬೇಕು, ಹೆಚ್ಚು ನೂಕಿದಷ್ಟೂ ಹೆಚ್ಚು ಆಮ್ಲಜನಕ ಬೇಕು. ಒಂದು ಮಿತಿಯನ್ನು ದಾಟಿದ ಮೇಲೆ ಉಸಿರಾಟದ ಗಳಿಕೆಯೆಲ್ಲ ಉಸಿರಾಟಕ್ಕೇ ಖರ್ಚಾಗುತ್ತದೆ. ಕೆರೆಯ ಕಾಟ್ಲಾ ಮೀನು ಬೆಳಗಿನ ಜಾವ ಕಲ್ಲಿಗೂ ಹೆದರದೆ ನಿಂತದ್ದು ಧೈರ್ಯದಿಂದಲ್ಲ. ಓಡುವುದಕ್ಕೆ ಬೇಕಾದ ಆಮ್ಲಜನಕ ಅದರ ಬಳಿ ಇರಲಿಲ್ಲ.

ಈಜು ಮತ್ತು ಉಸಿರನ್ನು ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ. ಅವೆರಡೂ ಒಂದೇ ಖಾತೆಯ ಎರಡು ಕಡೆಗಳು ಎಂದು ನೋಡಿದರೆ ಮಾತ್ರ ಜಲಚರಗಳ ಮೈಯ ಆಕಾರವೂ ನಡವಳಿಕೆಯೂ ಅರ್ಥವಾಗುತ್ತವೆ ಎಂಬುದು ನನ್ನ ಅನಿಸಿಕೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಿಂದ ಒಂದು ಉಪಕಾರವಿದೆ: ದೇಹದ ಭಾರವನ್ನು ನೀರೇ ಹೊರುತ್ತದೆ. ಎಲುಬಿನ ಮೀನುಗಳಲ್ಲಿ ಹೆಚ್ಚಿನವು ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಗಾಳಿಚೀಲವನ್ನು ಇಟ್ಟುಕೊಂಡು, ಮುಳುಗದೆ ತೇಲದೆ, ಇದ್ದಲ್ಲೇ ಇರಬಲ್ಲವು. ನೆಲದ ಪ್ರಾಣಿ ಪ್ರತಿ ಹೆಜ್ಜೆಗೂ ತನ್ನ ಮೈಯನ್ನು ಎತ್ತಿ ಇಡಬೇಕು, ಹಕ್ಕಿ ತನ್ನ ಮೈಯನ್ನು ಗಾಳಿಯಲ್ಲಿ ಹಿಡಿದಿರಬೇಕು. ಮೀನಿಗೆ ಆ ಚಾಕರಿಯಿಲ್ಲ. ಒಂದು ಕಿಲೋಗ್ರಾಂ ಮೈಯನ್ನು ಒಂದು ಕಿಲೋಮೀಟರ್ ಸಾಗಿಸಲು ತಗಲುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಓಟಕ್ಕಿಂತಲೂ ಹಾರಾಟಕ್ಕಿಂತಲೂ ಈಜು ಅಗ್ಗ, ಈಜಲೆಂದೇ ರೂಪುಗೊಂಡ ಮೈಯಿದ್ದರೆ.

ಆದರೆ ಅದು ಅಗ್ಗವಾಗಿರುವುದು ನಿಧಾನವಾಗಿ ಸಾಗುವಾಗ. ನೀರಿನ ಎದುರೆಳೆತ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ಬಿಡಿಸಿ ಹೇಳುವುದಾದರೆ, ವೇಗ ಎರಡು ಪಟ್ಟಾದರೆ ಸ್ನಾಯುಗಳು ಸರಿಸುಮಾರು ಎಂಟು ಪಟ್ಟು ದುಡಿಯಬೇಕು. ಬಡ ನೀರಿನಿಂದ ಎಂಟು ಪಟ್ಟು ಆಮ್ಲಜನಕವನ್ನು ಆ ಕ್ಷಣಕ್ಕೆ ತರುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಮೀನಿನ ಮೈಯಲ್ಲಿ ಎರಡು ಬಗೆಯ ಎಂಜಿನ್‌ಗಳಿವೆ, ಮತ್ತು ಅವುಗಳನ್ನು ನೋಡಲು ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ಬಂಗುಡೆಯನ್ನು ಅಡ್ಡಲಾಗಿ ಕೊಯ್ದರೆ ಚರ್ಮದ ಕೆಳಗೆ, ಎರಡೂ ಪಕ್ಕೆಗಳಲ್ಲಿ, ಕಂದುಗೆಂಪು ಬಣ್ಣದ ಪಟ್ಟಿಯೊಂದು ಕಾಣುತ್ತದೆ. ವಾಸನೆ ಹೆಚ್ಚೆಂದು ಕೆಲವರು ಅದನ್ನು ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತಾರೆ. ಅದು ದಿನವಿಡೀ ಈಜುವ ಸ್ನಾಯು: ರಕ್ತನಾಳಗಳು ಹೇರಳ, ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ಹೇರಳ, ದಣಿವು ಕಡಿಮೆ. ಉಳಿದ ಬಿಳಿ ಮಾಂಸವೆಲ್ಲ ಕಾದಿಟ್ಟ ಪಡೆ. ಬೇಟೆಯ ಮೇಲೆ ಎರಗುವಾಗ, ಬಲೆಯಿಂದ ಚಿಮ್ಮುವಾಗ ಅದು ಆಮ್ಲಜನಕಕ್ಕೆ ಕಾಯದೆ ತನ್ನಲ್ಲಿರುವ ಸಕ್ಕರೆಯನ್ನು ಒಡೆದು ಕೆಲವು ಕ್ಷಣ ಭಯಂಕರ ಬಲ ಕೊಡುತ್ತದೆ, ನಂತರ ಲ್ಯಾಕ್ಟಿಕ್ ಆಮ್ಲವನ್ನು ಬಾಕಿ ಉಳಿಸುತ್ತದೆ. ಆ ಬಾಕಿ ತೀರಲು ಗಂಟೆಗಳೇ ಬೇಕು. ಕಾಟ್ಲಾ, ರೋಹುಗಳಂಥ ಕೆರೆಯ ಮೀನಿನ ತುಂಡಿನಲ್ಲಿ ಕೆಂಪು ಪಟ್ಟಿ ಸಣ್ಣದು, ಬಿಳಿಯದೇ ಹೆಚ್ಚು. ಅವುಗಳ ಬದುಕಿನಲ್ಲಿ ದೂರದ ಪ್ರಯಾಣವಿಲ್ಲ.

ಎರಡು ಎಂಜಿನ್‌ಗಳ ಈ ವ್ಯತ್ಯಾಸವನ್ನು ಮರೆತದ್ದರಿಂದ ಹುಟ್ಟಿದ ಒಂದು ಒಗಟು ವಿಜ್ಞಾನದಲ್ಲಿ ದಶಕಗಳ ಕಾಲ ಉಳಿದಿತ್ತು. 1936ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಜೇಮ್ಸ್ ಗ್ರೇ, ಹಡಗೊಂದನ್ನು ಹಿಂದಿನಿಂದ ಬಂದು ಏಳು ಸೆಕೆಂಡುಗಳಲ್ಲಿ ದಾಟಿಹೋದ ಡಾಲ್ಫಿನ್‌ನ ವೇಗವನ್ನು ಹಿಡಿದು ಲೆಕ್ಕ ಹಾಕಿದರು. ಆ ವೇಗಕ್ಕೆ ಡಾಲ್ಫಿನ್‌ನ ಸ್ನಾಯುಗಳು ಇತರ ಸಸ್ತನಿಗಳ ಸ್ನಾಯುಗಳಿಗಿಂತ ಏಳು ಪಟ್ಟು ಬಲವಾಗಿರಬೇಕು, ಇಲ್ಲವೇ ಅದರ ಚರ್ಮಕ್ಕೆ ನೀರಿನ ಎಳೆತವನ್ನು ತಗ್ಗಿಸುವ ಮಾಯೆ ಯಾವುದೋ ಇರಬೇಕು ಎಂಬ ತೀರ್ಮಾನಕ್ಕೆ ಲೆಕ್ಕ ಬಂದು ನಿಂತಿತು. ಆ ಚರ್ಮದ ಗುಟ್ಟನ್ನು ಹುಡುಕುತ್ತ ಎಷ್ಟೋ ಜನ ಎಷ್ಟೋ ವರ್ಷ ಕಳೆದರು. ತೊಡಕಿದ್ದದ್ದು ಚರ್ಮದಲ್ಲಲ್ಲ, ಹೋಲಿಕೆಯಲ್ಲಿ. ದೋಣಿಗೆ ಹುಟ್ಟು ಹಾಕುವ ಮನುಷ್ಯರು ನಿಮಿಷಗಟ್ಟಲೆ ನಿರಂತರವಾಗಿ ಕೊಡಬಲ್ಲ ಬಲವನ್ನು ಅಳತೆಗೋಲಾಗಿ ಇಟ್ಟುಕೊಂಡು, ಏಳು ಸೆಕೆಂಡಿನ ದೌಡನ್ನು ಅಳೆಯಲಾಗಿತ್ತು. ಆಮ್ಲಜನಕಕ್ಕೆ ಕಾಯದೆ ದುಡಿಯುವ ಸ್ನಾಯುವಿನ ಬಲವೇ ಬೇರೆ. ಈಜುವ ಡಾಲ್ಫಿನ್‌ನ ಹಿಂದೆ ನೀರು ಹೇಗೆ ಸುಳಿಯುತ್ತದೆ ಎಂಬುದನ್ನು ಗಾಳಿಗುಳ್ಳೆಗಳ ನೆರವಿನಿಂದ ಅಳೆದು, ಬೇಕಾದ ಬಲ ಅದರ ಬಾಲಕ್ಕೆ ನಿಜವಾಗಿಯೂ ಇದೆ ಎಂದು ತೋರಿಸಿದ್ದು 2014ರಲ್ಲಿ.

ಮೀನು ಮುಂದೆ ಹೋಗುವುದು ನೀರನ್ನು ಹಿಂದಕ್ಕೆ ತಳ್ಳುವುದರಿಂದ. ತಲೆಯಿಂದ ಬಾಲದ ಕಡೆಗೆ ಮೈಯಲ್ಲಿ ಅಲೆಯೊಂದು ಸಾಗುತ್ತದೆ, ಅದು ತನ್ನ ಬದಿಯ ನೀರನ್ನು ಓರೆಯಾಗಿ ಹಿಂದಕ್ಕೆ ದೂಡುತ್ತದೆ. ಹಾವುಮೀನಿನಲ್ಲಿ ಇಡೀ ಮೈ ಬಳುಕುತ್ತದೆ. ಕಲ್ಲಿನ ಸಂದಿಯಲ್ಲಿ, ಕೆಸರಿನಲ್ಲಿ ಅದು ಅನುಕೂಲವೇ ಹೊರತು ದೂರ ಹೋಗಲು ದುಬಾರಿ. ಬಂಗುಡೆಯಲ್ಲಿ ಮೈಯ ಹಿಂಭಾಗ ಬಳುಕುತ್ತದೆ. ಕರಾವಳಿಯವರು ಕೇದರ ಎನ್ನುವ ಟ್ಯೂನಾದಲ್ಲಿ ಮೈ ಬಹುಮಟ್ಟಿಗೆ ನೆಟ್ಟಗೇ ಇದ್ದು, ಸಪೂರವಾದ ಬಾಲದ ಬುಡದ ತುದಿಗೆ ಕುಡುಗೋಲಿನಂತೆ ನಿಂತ ಬಾಲದ ರೆಕ್ಕೆಯಷ್ಟೇ ಅತ್ತಿತ್ತ ಬೀಸುತ್ತದೆ. ಮುಂದಿನ ಬೆನ್ನುರೆಕ್ಕೆಯೂ ಬೇಡದಿದ್ದಾಗ ಮೈಯ ಮೇಲಿನ ಸೀಳಿನೊಳಕ್ಕೆ ಮಡಚಿಕೊಂಡುಬಿಡುತ್ತದೆ.

ಟ್ಯೂನಾದ ಕಥೆಯಲ್ಲಿ ಈಜು ಮತ್ತು ಉಸಿರು ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಅದು ಕಿವಿರಿನ ಮುಚ್ಚಳವನ್ನು ಬಡಿದು ನೀರನ್ನು ಎಳೆದುಕೊಳ್ಳುವ ಸಾಮರ್ಥ್ಯವನ್ನು ಕಳೆದುಕೊಂಡಿದೆ; ಬಾಯಿ ತುಸು ತೆರೆದು ಮುಂದೆ ನುಗ್ಗಿದರೆ ಮಾತ್ರ ನೀರು ಕಿವಿರಿನ ಮೂಲಕ ಹಾಯುತ್ತದೆ. ನಿಂತರೆ ಉಸಿರಿಲ್ಲ. ಹುಟ್ಟಿದ ಮೇಲೆ ಅದು ರಾತ್ರಿಯೂ ಹಗಲೂ ನಿಲ್ಲದೆ ಈಜಬೇಕು. ಇದು ಶಾಪದಂತೆ ಕಂಡರೂ ಲೆಕ್ಕದಲ್ಲಿ ಲಾಭದ್ದೇ: ಹೇಗೂ ಈಜುತ್ತಲೇ ಇರುವ ಮೀನಿಗೆ ನೀರು ನೂಕುವ ಪ್ರತ್ಯೇಕ ದುಡಿಮೆ ಉಳಿಯುತ್ತದೆ. ಇನ್ನೂ ಕೆಲವು ಮೀನುಗಳು ನಿಧಾನವಾಗಿರುವಾಗ ಕಿವಿರು ಬಡಿದು, ವೇಗ ಹಿಡಿದ ಮೇಲೆ ಬಡಿತ ನಿಲ್ಲಿಸಿ ಬಾಯಿ ತೆರೆದುಕೊಳ್ಳುತ್ತವೆ. ಎಲ್ಲರಿಗಿಂತ ಚತುರ ಮೀನೆಂದರೆ ತಲೆಯ ಮೇಲಿನ ಬಿಲ್ಲೆಯಿಂದ ಶಾರ್ಕಿನ ಮೈಗೆ ಅಂಟಿಕೊಳ್ಳುವ ರೆಮೋರ. ಶಾರ್ಕ್ ವೇಗವಾಗಿ ಹೋಗುವಾಗ ಅದು ತನ್ನ ಕಿವಿರಿನ ಬಡಿತವನ್ನು ನಿಲ್ಲಿಸಿ ಸುಮ್ಮನೆ ಬಾಯಿ ತೆರೆಯುತ್ತದೆ. ಪ್ರಯಾಣವೂ ಬಿಟ್ಟಿ, ಉಸಿರೂ ಬಿಟ್ಟಿ.

ಮೇಲಿನ ಮಾತೆಲ್ಲ ದೊಡ್ಡ ಮೀನುಗಳಿಗೆ. ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಕೆಲವೇ ಮಿಲಿಮೀಟರಿನ ಮರಿಗೆ ನೀರು ಬೆಲ್ಲದ ಪಾಕದಂತೆ ಅಂಟು. ಬಾಲ ಆಡಿಸುವುದನ್ನು ನಿಲ್ಲಿಸಿದ ತಕ್ಷಣ ಅದು ನಿಂತುಬಿಡುತ್ತದೆ, ಜಾರಿಕೊಂಡು ಹೋಗುವ ಸುಖ ಅದಕ್ಕಿಲ್ಲ. ಆದರೆ ಮೈ ಅಷ್ಟು ಸಣ್ಣದಾದ್ದರಿಂದ ಕಿವಿರು ಪೂರ್ತಿ ಬೆಳೆಯುವವರೆಗೆ ಚರ್ಮದ ಮೂಲಕವೇ ಬೇಕಾದಷ್ಟು ಆಮ್ಲಜನಕ ಒಳಗಿಳಿಯುತ್ತದೆ.

ನೀರಿನ ಬಡತನದಿಂದ ತಪ್ಪಿಸಿಕೊಳ್ಳುವ ನೇರವಾದ ದಾರಿ ಗಾಳಿಯನ್ನೇ ಕುಡಿಯುವುದು. ಮೀನು ಮಾರುಕಟ್ಟೆಯಲ್ಲಿ ಕಾಟ್ಲಾ ಮೀನನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ ಮಾರುವವರೇ, ಪಕ್ಕದ ಟಬ್ಬಿನಲ್ಲಿ ಗೇಣುದ್ದವೂ ಇಲ್ಲದ ನೀರಿನಲ್ಲಿ ಕೊರವ ಮೀನುಗಳನ್ನು ಜೀವಂತ ಇಟ್ಟಿರುತ್ತಾರೆ. ಕಪ್ಪು ಮೈ, ಹಾವಿನ ತಲೆ. ನೋಡುತ್ತ ನಿಂತರೆ ಆಗಾಗ ಒಂದೊಂದು ಮೂತಿ ಮೇಲೆತ್ತಿ ‘ಗುಳುಕ್’ ಎಂದು ಗಾಳಿ ನುಂಗಿ ಮತ್ತೆ ಕೆಳಗೆ ಹೋಗುತ್ತದೆ. ಕೊರವನ ಕಿವಿರಿನ ಮೇಲ್ಭಾಗದಲ್ಲಿ ರಕ್ತನಾಳಗಳು ತುಂಬಿದ ಗೂಡೊಂದಿದೆ, ಗಾಳಿ ಅಲ್ಲಿ ನಿಲ್ಲುತ್ತದೆ. ಬೆಳೆದ ಕೊರವ ಗಾಳಿಗೆ ಎಷ್ಟು ಒಗ್ಗಿಕೊಂಡಿದೆಯೆಂದರೆ, ಮೇಲೆ ಬರಲು ಬಿಡದಂತೆ ಬಲೆ ಕಟ್ಟಿ ತಡೆದರೆ ನೀರಿನಲ್ಲಿದ್ದೂ ಮುಳುಗಿ ಸಾಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗಾಳಿಯಿಂದ ತುಂಬಿಕೊಂಡ ರಕ್ತ ಕಿವಿರುಗಳ ಮೂಲಕ ಹಾದುಹೋಗುವಾಗ ಹೊರಗಿನ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ, ಗಳಿಸಿದ್ದು ಅಲ್ಲಿಂದಲೇ ಸೋರಿಹೋಗುತ್ತದೆ; ಕೊಡ ತುಂಬಿದರೂ ತಳ ತೂತು ಎಂಬಂತೆ. ಹೀಗಾಗಿ ಗಾಳಿಯುಸಿರಿನ ಮೀನುಗಳಲ್ಲಿ ಕಿವಿರುಗಳು ಕುಗ್ಗಿವೆ, ಅವುಗಳ ಹಾಳೆಗಳು ದಪ್ಪಗಾಗಿವೆ. ಪೂರ್ತಿ ಇಲ್ಲವಾಗಿಲ್ಲ, ಏಕೆಂದರೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಅದನ್ನು ಹೊರಹಾಕಲು ಕಿವಿರೇ ಅಗ್ಗ. ಒಳಗೆ ತರುವುದು ಗಾಳಿಯಿಂದ, ಹೊರಗೆ ಬಿಡುವುದು ನೀರಿಗೆ. ಇದರಲ್ಲಿ ಖರ್ಚೂ ಇಲ್ಲದಿಲ್ಲ: ಪ್ರತಿ ಗುಟುಕಿಗೂ ಮೇಲಕ್ಕೆ ಈಜಬೇಕು, ಮೇಲೆ ಬೆಳ್ಳಕ್ಕಿ, ಹದ್ದು, ಮೀಂಚುಳ್ಳಿ ಕಾದಿರುತ್ತವೆ. ಮಳೆಗಾಲದಲ್ಲಿ ಹೊಂಡಗಳ ಅಂಚಿನಲ್ಲಿ ಕೊರವನ ಕೆಂಪು ಮರಿಗಳು ಚೆಂಡಿನಂತೆ ಗುಂಪುಗೂಡಿ ಮೇಲೇರಿ ಇಳಿಯುತ್ತಿದ್ದರೆ, ಕೆಳಗೆ ತಂದೆತಾಯಿ ಮೀನು ಕಾವಲಿದೆಯೆಂದೇ ಅರ್ಥ.

ಏಡಿಗೆ, ಕೆಸರಿಗೆ ಹೆಸರಾದ ಹೊಂಡಗಳಲ್ಲಿ ಸಿಗುವ ಚೇಳು ಮೀನು, ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಇವೂ ಗಾಳಿಯುಸಿರಿನವೇ. ಕೊಳಚೆಯಲ್ಲೂ ಅವು ಬದುಕುವುದರ ಗುಟ್ಟು ಇದು. ಇನ್ನೊಂದು ಬಳಗದ ಅನಾಬಸ್ ಮೀನು ನೀರು ಬತ್ತಿದಾಗ ಕಿವಿರಿನ ಮುಚ್ಚಳದ ಮುಳ್ಳುಗಳನ್ನು ಊರುತ್ತ ನೆಲದ ಮೇಲೆ ತೆವಳಿಕೊಂಡು ಹೋಗಬಲ್ಲದು. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿದ್ದ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿ ಅದು ತಾಳೆಮರ ಹತ್ತುವುದನ್ನು ಕಂಡೆನೆಂದು ಬರೆದದ್ದು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಅದಕ್ಕೆ ‘ಮರ ಹತ್ತುವ ಮೀನು’ ಎಂಬ ಹೆಸರು ಅಂಟಿಕೊಂಡಿತು. ತೆವಳುವುದಂತೂ ನಿಜ.

ಮೇಲೆ ಹೋಗುವ ದಾರಿಯೇ ಮುಚ್ಚಿದ್ದರೆ? ಉತ್ತರ ಯುರೋಪಿನ ಸಣ್ಣ ಕೊಳಗಳ ಮೇಲೆ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿ, ಅದರ ಮೇಲೆ ಹಿಮ ಬಿದ್ದು, ಬೆಳಕೂ ಗಾಳಿಯೂ ಒಳಹೋಗದಂತಾಗುತ್ತದೆ. ತಿಂಗಳುಗಟ್ಟಲೆ ಆ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಬದುಕಿ ಉಳಿಯುವ ಮೀನು ಕ್ರೂಸಿಯನ್ ಕಾರ್ಪ್, ನಮ್ಮ ಗಾಜಿನ ತೊಟ್ಟಿಗಳ ಗೋಲ್ಡ್‌ಫಿಶ್‌ನ ಹತ್ತಿರದ ನೆಂಟ. ಬೇಸಿಗೆಯಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ, ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಅದು ಆಮ್ಲಜನಕವಿಲ್ಲದೆ ಒಡೆಯುತ್ತದೆ. ಬೇರೆ ಪ್ರಾಣಿಯಾದರೆ ಲ್ಯಾಕ್ಟಿಕ್ ಆಮ್ಲ ಮೈಯೊಳಗೆ ಕೂಡಿಕೊಂಡು ಸಾಯಬೇಕಿತ್ತು. ಈ ಮೀನು ಅದನ್ನು ಸ್ನಾಯುಗಳಲ್ಲಿ ಮದ್ಯಸಾರವಾಗಿ ಮಾರ್ಪಡಿಸಿ ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ. ಆಗ ಅದರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 50 ಮಿಲಿಗ್ರಾಂ ದಾಟುವುದುಂಟು. ವಾಹನ ಓಡಿಸುವವರಿಗೆ ನಮ್ಮ ಕಾನೂನು ಹಾಕಿರುವ ಮಿತಿ 30. ಮದ್ಯಸಾರವಾಗಿ ಹೊರಹೋಗುವುದು ಉರಿಸಬಹುದಾಗಿದ್ದ ಇಂಧನವೇ ಆದ್ದರಿಂದ ಇದು ದುಂದುವೆಚ್ಚ, ಆದರೆ ಇನ್ನೊಂದು ದಾರಿ ಸಾವು. ಈ ಮೀನು ಆಗ ಹೆಚ್ಚು ಈಜುವುದೂ ಇಲ್ಲ. ಅದರ ಕಿವಿರುಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ: ತಣ್ಣನೆಯ, ಆಮ್ಲಜನಕ ಸಾಕಷ್ಟಿರುವ ನೀರಿನಲ್ಲಿ ಹಾಳೆಗಳ ನಡುವಿನ ಸಂದು ಜೀವಕೋಶಗಳಿಂದ ತುಂಬಿಕೊಂಡಿರುತ್ತದೆ, ಆಮ್ಲಜನಕ ಇಳಿದಾಗ ಆ ಕೋಶಗಳು ಕರಗಿ ಹಾಳೆಗಳು ತೆರೆದುಕೊಳ್ಳುತ್ತವೆ.

ನೀರಿಗೆ ಮರಳಿದ ಸಸ್ತನಿಗಳದು ಬೇರೆಯೇ ತೊಂದರೆ. ಅವಕ್ಕೆ ಕಿವಿರಿಲ್ಲ, ಮೇಲಿನಿಂದ ಕಟ್ಟಿಕೊಂಡು ಹೋದ ಬುತ್ತಿ ಮುಗಿಯುವುದರೊಳಗೆ ಬೇಟೆ ಮುಗಿಸಿ ಹಿಂದಿರುಗಬೇಕು. 1960ರ ದಶಕದಲ್ಲಿ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಸೌಂಡ್ ಎಂಬ ಕಡಲ ಕೊಲ್ಲಿಯಲ್ಲಿ ಗೆರಾಲ್ಡ್ ಕೂಯ್‌ಮನ್ ಎಂಬ ಅಮೆರಿಕನ್ ವಿಜ್ಞಾನಿ, ಸುತ್ತಮುತ್ತ ಬೇರೆ ಬಿರುಕಿಲ್ಲದ ಕಡೆ ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು, ವೆಡೆಲ್ ಸೀಲ್‌ಗಳನ್ನು ಅದರಲ್ಲಿ ಬಿಟ್ಟರು. ಉಸಿರಾಡಬೇಕಾದರೆ ಅವು ಅದೇ ರಂಧ್ರಕ್ಕೆ ಮರಳಲೇಬೇಕು. ಬೆನ್ನಿಗೆ ಕಟ್ಟಿದ್ದ, ಮುಳುಗಿನ ಹೊತ್ತನ್ನೂ ಆಳವನ್ನೂ ಬರೆದಿಡುವ ಮೊದಲ ಉಪಕರಣಗಳೊಳಗೆ ಇದ್ದದ್ದು ಅಡುಗೆಮನೆಯ ಟೈಮರ್. ಈ ಸೀಲ್‌ಗಳು ನೂರಾರು ಮೀಟರ್ ಆಳಕ್ಕೆ ಹೋಗಿ, ಬೇಕೆಂದರೆ ಒಂದು ಗಂಟೆಗೂ ಮೀರಿ ಉಸಿರು ಹಿಡಿಯಬಲ್ಲವು ಎಂಬುದು ಕ್ರಮೇಣ ತಿಳಿಯಿತು.

ಹೆಚ್ಚು ಗಾಳಿ ತುಂಬಿಕೊಂಡು ಮುಳುಗುತ್ತವೆ ಎಂದು ನಾವು ಊಹಿಸಬಹುದು. ಸೀಲ್ ಮಾಡುವುದು ಅದರ ತದ್ವಿರುದ್ಧ: ಮುಳುಗುವ ಮುನ್ನ ಉಸಿರನ್ನು ಹೊರಬಿಡುತ್ತದೆ. ಅದರ ಆಮ್ಲಜನಕದ ಬುತ್ತಿಯಲ್ಲಿ ಶ್ವಾಸಕೋಶದ ಪಾಲು ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ. ಮೂರನೇ ಎರಡು ಭಾಗ ರಕ್ತದಲ್ಲಿ, ಉಳಿದದ್ದು ಸ್ನಾಯುಗಳ ಮಯೋಗ್ಲೋಬಿನ್‌ನಲ್ಲಿ. ಸೀಲ್‌ನ ಮಾಂಸ ಕಪ್ಪೆನ್ನಬಹುದಾದಷ್ಟು ಗಾಢವಾಗಿರುವುದು ಇದರಿಂದಲೇ. ಮೈತೂಕಕ್ಕೆ ಹೋಲಿಸಿದರೆ ಮನುಷ್ಯನಿಗಿಂತ ನಾಲ್ಕು ಪಟ್ಟು ಆಮ್ಲಜನಕ ಅದರಲ್ಲಿ ಅಡಗಿದೆ. ಆಳಕ್ಕಿಳಿದಂತೆ ಒತ್ತಡಕ್ಕೆ ಶ್ವಾಸಕೋಶ ಕುಸಿದು, ಸಾರಜನಕ ರಕ್ತಕ್ಕೆ ನುಗ್ಗುವ ಅಪಾಯವೂ ತಪ್ಪುತ್ತದೆ. ಎದೆಬಡಿತ ಅರ್ಧಕ್ಕಿಂತ ಕೆಳಗಿಳಿದು, ರಕ್ತ ಮುಖ್ಯವಾಗಿ ಮಿದುಳು, ಹೃದಯಗಳ ಕಡೆ ತಿರುಗುತ್ತದೆ. ತಣ್ಣೀರಿನ ಬೋಗುಣಿಯಲ್ಲಿ ಮುಖ ಅದ್ದಿ ನಾಡಿ ಹಿಡಿದು ನೋಡಿದರೆ ಇದೇ ಪ್ರತಿಕ್ರಿಯೆಯ ಸಣ್ಣ ಉಳಿಕೆ ನಮ್ಮಲ್ಲೂ ಕಾಣುತ್ತದೆ.

ಶ್ವಾಸಕೋಶ ಕುಸಿದ ಮೇಲೆ ಸೀಲ್‌ನ ಮೈ ನೀರಿಗಿಂತ ಭಾರವಾಗುತ್ತದೆ. ಸೀಲ್, ಡಾಲ್ಫಿನ್, ನೀಲಿ ತಿಮಿಂಗಿಲಗಳಿಗೆ ಕ್ಯಾಮೆರಾ ಕಟ್ಟಿ ನೋಡಿದ ಸಂಶೋಧನೆಯೊಂದು 2000ದಲ್ಲಿ ಪ್ರಕಟವಾಯಿತು. ಮೊದಲು ಕೆಲವು ಬಾರಿ ಬಾಲ ಬೀಸಿದ ಅವು ನಂತರ ಇಳಿಯುವ ದಾರಿಯ ಬಹುಭಾಗವನ್ನು ಸುಮ್ಮನೆ, ಬಾಲವನ್ನೇ ಆಡಿಸದೆ, ಜಾರಿಕೊಂಡು ಹೋಗುತ್ತಿದ್ದವು. ಉಸಿರು ಉಳಿಸುವ ದೊಡ್ಡ ಉಪಾಯ ಈಜದಿರುವುದೇ ಆಗಿತ್ತು. ಸುಮಾರು 20 ನಿಮಿಷಗಳೊಳಗೆ ಮರಳಿದರೆ ವೆಡೆಲ್ ಸೀಲ್ ಹೊಸ ಉಸಿರೆಳೆದು ಬೇಗನೆ ಮತ್ತೆ ಮುಳುಗಬಹುದು. ಅದನ್ನು ಮೀರಿದರೆ ಸ್ನಾಯುಗಳು ಲ್ಯಾಕ್ಟಿಕ್ ಆಮ್ಲದ ಸಾಲಕ್ಕೆ ಇಳಿಯುತ್ತವೆ. ಮುಕ್ಕಾಲು ಗಂಟೆಯ ಮುಳುಗಿಗೆ ಮೇಲೆ ಒಂದು ಗಂಟೆಗೂ ಹೆಚ್ಚು ವಿಶ್ರಾಂತಿ ಬೇಕು. ಆದ್ದರಿಂದ ಅವುಗಳ ಮುಳುಗುಗಳಲ್ಲಿ ಹೆಚ್ಚಿನವು 20 ನಿಮಿಷಕ್ಕಿಂತ ಕಡಿಮೆ.

ಅಂಟಾರ್ಕ್ಟಿಕಾದಷ್ಟು ದೂರ ಹೋಗದೆಯೂ ಇಂಥ ಲೆಕ್ಕಾಚಾರ ನೋಡಬಹುದು. ನಮ್ಮ ಪಶ್ಚಿಮದ ಕಡಲೇ ಅದಕ್ಕೆ ಜಾಗ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿಗೂ ಕೆಳಗಿನವರೆಗೆ ಆಮ್ಲಜನಕ ಅತಿ ಕಡಿಮೆಯಿರುವ ದಪ್ಪ ಪದರವಿದೆ, ಅದರ ತಿರುಳಿನಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಮೇಲೆ ಸಮೃದ್ಧವಾಗಿ ಬೆಳೆಯುವ ಸೂಕ್ಷ್ಮಜೀವಿಗಳು ಸತ್ತು ಕೆಳಗಿಳಿದು ಕೊಳೆಯುತ್ತವೆ. ಉತ್ತರಕ್ಕೆ ಏಷ್ಯಾದ ನೆಲ ಅಡ್ಡವಾಗಿರುವುದರಿಂದ ಆ ಕಡೆಯಿಂದ ತಣ್ಣನೆಯ ಹೊಸ ನೀರು ಹರಿದುಬರುವುದಿಲ್ಲ. ಬೆರಳುದ್ದದ ಲ್ಯಾಂಟರ್ನ್ ಮೀನುಗಳು ಹಗಲನ್ನು ಈ ಪದರದೊಳಗೆ, ಚಟುವಟಿಕೆ ತಗ್ಗಿಸಿಕೊಂಡು ಕಳೆಯುತ್ತವೆ. ಉಸಿರಿಗೆ ದುಡಿಯುವ ಟ್ಯೂನಾ ಅಲ್ಲಿಗೆ ಬರುವಂತಿಲ್ಲ, ಬಡತನವೇ ಅವಕ್ಕೆ ಕೋಟೆ. ಕತ್ತಲಾದ ಮೇಲೆ ಮೇಲೇರಿ, ಮೇಯುತ್ತ, ಹಗಲಿನ ಬಾಕಿ ತೀರಿಸಿಕೊಳ್ಳುತ್ತವೆ.

ಮುಂಗಾರಿನ ಕೊನೆಯ ಭಾಗದಲ್ಲಿ ಆ ಆಳದ ನೀರು ಮೇಲೆದ್ದು ಕರಾವಳಿಯ ಕಡೆ ತೆವಳುತ್ತದೆ. ಮಳೆಯ ಸಿಹಿನೀರಿನ ತೆಳು ಹೊದಿಕೆ ಮೇಲಿರುವುದರಿಂದ ಗಾಳಿಯೂ ಅದರೊಡನೆ ಕಲೆಯುವುದಿಲ್ಲ. ಜೂನ್, ಜುಲೈಗಳ 61 ದಿನಗಳ ನಿಷೇಧ ಮುಗಿದು ಮಲ್ಪೆ, ಮಂಗಳೂರುಗಳಿಂದ ಬೋಟುಗಳು ಹೊರಡುವ ತಿಂಗಳುಗಳಲ್ಲಿ ತಳದ ನೀರು ಹೀಗೆ ಬಡವಾಗಿರುವುದುಂಟು. ಕಾರ್ಲ್ ಬಾನ್ಸೆ ಎಂಬ ಸಾಗರವಿಜ್ಞಾನಿ 1959ರಲ್ಲೇ ಇದನ್ನು ತಳಬಲೆಯ ಮೀನುಗಾರಿಕೆಯೊಂದಿಗೆ ಜೋಡಿಸಿ ಬರೆದಿದ್ದರು: ಕೊಚ್ಚಿಯ ಆಚೆ ಕಡಲತಳವನ್ನು ಆಮ್ಲಜನಕ ಕಡಿಮೆಯಾದ ನೀರು ಆವರಿಸಿದಾಗ ತಳದಲ್ಲಿ ಎಳೆಯುವ ಬಲೆಗೆ ಮೀನು ಸಿಗುವುದಿಲ್ಲ. ಈಜಬಲ್ಲ ಮೀನು ಅಂಥ ನೀರನ್ನು ಬಿಟ್ಟು ಸರಿಯುತ್ತದೆ, ಈಜುವಷ್ಟು ಆಮ್ಲಜನಕ ಇನ್ನೂ ಉಳಿದಿರುವಾಗಲೇ.

ಕೆರೆಯ ಮೀನಿಗೆ ಸರಿಯಲು ಜಾಗವಿಲ್ಲ, ನಾಲ್ಕೂ ಕಡೆ ಏರಿ. ಅದಕ್ಕೇ ತಿಳಿದ ಸಾಕಣೆದಾರರು ಮೀನು ಬಾಯಿ ಬಿಡುವವರೆಗೆ ಕಾಯುವುದಿಲ್ಲ. ಮೋಡ ಕವಿದು ಪಾಚಿಗೆ ಬಿಸಿಲು ಸಿಗದ ದಿನ ಮೇವನ್ನು ಕಡಿಮೆ ಮಾಡಿ, ನೀರು ಚಿಮ್ಮಿಸುವ ಏರಿಯೇಟರನ್ನು ರಾತ್ರಿ ಎರಡು ಗಂಟೆಗೇ ಚಾಲೂ ಮಾಡುತ್ತಾರೆ. ಮೇವಿನ ಆಸೆಗೆ ಬಾಯಿ ತೆರೆಯುತ್ತಿವೆ ಎಂದು ನಾನು ನೋಡುತ್ತ ನಿಂತಿದ್ದ ಆ ಬೆಳಗ್ಗೆ, ಕರೆಂಟು ಹೋಗಿ ನಾಲ್ಕು ತಾಸಾಗಿತ್ತು. ಕಾವಲಿನವನು ಡೀಸೆಲ್ ಪಂಪು ಹೂಡಿ, ಪೈಪಿನ ಬಾಯನ್ನು ಮೇಲಕ್ಕೆತ್ತಿ ಕಟ್ಟಿ, ಕೆರೆಯ ನೀರನ್ನು ಕೆರೆಗೇ ಎತ್ತರದಿಂದ ಸುರಿಯತೊಡಗಿದ. ನೀರು ಬೀಳುತ್ತಿದ್ದ ಜಾಗದ ಸುತ್ತ ಮೂತಿಗಳು ಒಂದೊಂದಾಗಿ ಬಂದು ಸೇರಿದವು. ಎಂಟು ಗಂಟೆಯ ಬಿಸಿಲಿಗೆ ಒಂದೂ ಕಾಣಲಿಲ್ಲ.